ನಿಂತವನಿಗೆ ಎಷ್ಟು ಜಾಗ?

ಅಮೃತವ್ವ: ಏನ್ರಿ ಸಾವಕಾರ್ರ, ಇದು ನನ್ನ ಮಗನ ಮಾರಿನೋ, ಅಂಗಿ ಗುಂಡಿನೋ?

ನಿಜಲಿಂಗಪ್ಪ: ಇಲ್ಲೆ ಹಂಗ ಕಾಣತೈತಿ ಯವ್ವಾ. ಬ್ಯಾನರ್ ಹತ್ತು ಫೂಟ್ ಐತಿ. ಅದರಾಗ ನಿನ್ನ ಮಗ ಕುಂಬಳಕಾಯಿಯಷ್ಟ ಆಕ್ಕಾನ.

ಅಮೃತವ್ವ: ನನ್ನ ಮಗ ಕುಂಬಳಕಾಯಿ ಆದ್ರ ನಿಮ್ಮ ತಂಗಿ ಮಗ ಏನ ಆಕ್ಕಾನ್ರಿ? ಕಪ್ಪತಗುಡ್ಡನಾ?

ಶಫೀಕ: ಇಬ್ರೂ ಸ್ವಲ್ಪ ತಡೀರಿ. ಕಂಪ್ಯೂಟರಿಗೆ ಕಿವಿ ಇಲ್ಲ ಖರೆ, ನನಗ ಅದಾವ.

ಗದಗ ಬಸ್ ನಿಲ್ದಾಣದ ಹತ್ತಿರದ ಓಣಿಯಲ್ಲಿ ಶಫೀಕನ ಬ್ಯಾನರ್ ಅಂಗಡಿ. ಇದ್ದದ್ದು ಒಂದೇ ಪ್ಲಾಸ್ಟಿಕ್ ಕುರ್ಚಿ. ಡಂಬಳದಿಂದ ಬೆಳಗಿನ ಬಸ್ಸು ಹಿಡಿದು ಬಂದ ಅಮೃತವ್ವ ಅದನ್ನು ಮೊದಲೇ ಹಿಡಿದು ಕೂತಿದ್ದರಿಂದ, ಬೆಟಗೇರಿಯ ದೊಡ್ಡ ಸೀರೆ ಅಂಗಡಿಯ ಮಾಲೀಕರಾದ ನಿಜಲಿಂಗಪ್ಪನವರು ನಿಂತೇ ವಾದ ಮಾಡಬೇಕಾಗಿತ್ತು.

ಹೋದ ಭಾನುವಾರ ಬೆಟಗೇರಿಯ ಬಾಸ್ಕೆಟ್‌ಬಾಲ್ ತಂಡ ಇಡೀ ಜಿಲ್ಲೆಗೆ ಮೊದಲು ಬಂದಿತ್ತು. ಮುಂದಿನ ವಾರ ಬೆಳಗಾವಿಯಲ್ಲಿ ಆಡಬೇಕು. ತಂಡಕ್ಕೆ ಹನ್ನೆರಡು ಅಂಗಿ ಕೊಡಿಸಿದವರು ನಿಜಲಿಂಗಪ್ಪನವರು. ಕೊಟ್ಟು ಸುಮ್ಮನಿರುವ ಪೈಕಿ ಅವರಲ್ಲ. ಅಂಗಿಯ ಬೆನ್ನ ಮೇಲೆ ತಮ್ಮ ಅಂಗಡಿಯ ಹೆಸರು ಅಚ್ಚು ಹಾಕಿಸಿಯೇ ಕೊಟ್ಟಿದ್ದರು. ಈಗ ಗೆಲುವಿನ ಬ್ಯಾನರು: ಬೆಟಗೇರಿಗೊಂದು, ಆಟಗಾರನೊಬ್ಬ ಡಂಬಳದವನೆಂದು ಡಂಬಳದ ಬಸ್ ನಿಲ್ದಾಣಕ್ಕೊಂದು. ನಡುವೆ ಅವರ ತಂಗಿಯ ಮಗ ವೀರು, ತಲೆಯಿಂದ ಬೂಟಿನವರೆಗೆ. ಬಲಗಡೆ ಸ್ವತಃ ನಿಜಲಿಂಗಪ್ಪನವರು, ಕಪ್ಪು ಕನ್ನಡಕ ಹಾಕಿಕೊಂಡು, ಕಿವಿಗೆ ಮೊಬೈಲ್ ಹಿಡಿದುಕೊಂಡು. ನಮ್ಮ ಕಡೆ ಬ್ಯಾನರಿನಲ್ಲಿರುವ ಹಿರಿಯರೆಲ್ಲ ಯಾರಿಗೋ ಫೋನ್ ಮಾಡುತ್ತಲೇ ಇರುತ್ತಾರೆ. ಆ ತುದಿಯಲ್ಲಿರುವವರು ಯಾರೆಂದು ಇವತ್ತಿನವರೆಗೂ ಪತ್ತೆಯಾಗಿಲ್ಲ. ತೀರ ಕೆಳಗೆ ಸಣ್ಣ ಸಣ್ಣ ವೃತ್ತಗಳಲ್ಲಿ ಉಳಿದ ಹನ್ನೊಂದು ಹುಡುಗರು. ಎಡದಿಂದ ಒಂಬತ್ತನೆಯ ವೃತ್ತ ಅಮೃತವ್ವನ ಮಗ ಗವಿಸಿದ್ದೇಶ.

ನಿಜಲಿಂಗಪ್ಪ: ನೋಡು ಯವ್ವಾ, ಮಾತು ಸೀದಾ ಐತಿ. ಫೈನಲ್‌ನ್ಯಾಗ ವೀರು ಮೂವತ್ತೊಂದು ಪಾಯಿಂಟ್ ಹಾಕ್ಯಾನ. ನಿನ್ನ ಮಗ ಎಷ್ಟ ಹಾಕ್ಯಾನ?

ಅಮೃತವ್ವ: ನೀವ ಎಷ್ಟ ಹಾಕೀರಿ?

ನಿಜಲಿಂಗಪ್ಪ: ನಾನಾ? ನಾ ಯಾಕ ಹಾಕ್ಲಿ?

ಅಮೃತವ್ವ: ಮತ್ತ ನಿಮ್ಮ ಫೋಟೋ ಯಾಕ ಇಷ್ಟ ದೊಡ್ಡದೈತಿ?

ಶಫೀಕ ಕೆಮ್ಮಿದ. ಅವನಿಗೆ ಕೆಮ್ಮು ಬಂದಿರಲಿಲ್ಲ.

ನಿಜಲಿಂಗಪ್ಪ: ನಾ ಅಂಗಿ ಕೊಡಿಸೇನಿ! ಅದಿರ್ಲಿ. ಎರಡು ವರ್ಷದಾಗ ನಿನ್ನ ಮಗ ಬುಟ್ಟಿಯೊಳಗ ಒಂದರೆ ಚೆಂಡು ಹಾಕಿದ್ದನ್ನ ಯಾರರೆ ನೋಡ್ಯಾರೇನು?

ಅಮೃತವ್ವ: ಚೆಂಡು ಹೋಗ್ಲಿ ಬಿಡ್ರಿ. ಫೈನಲ್‌ನ್ಯಾಗ ಐದು ಫೌಲ್ ಮಾಡ್ಯಾನ! ಅವನ ಬಂದು ಹೇಳಿದ. ಮೂರು ಆದ್ವು, ನಾಲ್ಕು ಆದ್ವು, ಕಡೀಕ ಐದೂ ಆಗಿಬಿಟ್ವು ಬೇ ಅಂದ. ನಾ ಓಣಿ ತುಂಬ ಸಕ್ಕರಿ ಹಂಚೇನಿ.

ನಿಜಲಿಂಗಪ್ಪ: ಅಯ್ಯ ಶಿವನ! ಫೌಲ್ ಅಂದ್ರ ತಪ್ಪು! ಐದ ತಪ್ಪ ಆದ್ವು ಅಂದ್ರ ಅಂವನ್ನ ಆಟದಿಂದ ಹೊರಗ ಹಾಕ್ತಾರ!

ಅಮೃತವ್ವನ ಮುಖ ಸಣ್ಣದಾಯಿತು. ಎದುರುಮನೆಯವರಿಗೆ ಎರಡು ಸಲ ಸಕ್ಕರೆ ಕೊಟ್ಟಿದ್ದಳು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ. ಅಮೃತವ್ವನಿಗೆ ಮೀಸೆ ಇರಲಿಲ್ಲವಾದ್ದರಿಂದ ಸೆರಗು ಸರಿಮಾಡಿಕೊಂಡಳು.

ಅಮೃತವ್ವ: ಆತ್ರಿ, ತಪ್ಪ ಅನ್ನೋಣು. ನಾಲ್ಕು ತಪ್ಪು ಹೊಟ್ಟ್ಯಾಗ ಹಾಕ್ಕೊಂಡು ಅಂವನ್ನ ಒಳಗ ಯಾಕ ಇಟ್ಕೊಂಡಿದ್ರಿ? ಅಂವನ ಕಡಿಂದ ನಿಮಗ ಏನೋ ಕೆಲಸ ಇರಬೇಕಲ್ಲ?

ಶಫೀಕ: ಅಕ್ಕಾರ ಕೇಳೂದು ಬರೋಬ್ಬರಿ ಐತ್ರಿ.

ನಿಜಲಿಂಗಪ್ಪ: ಏ ಶಫೀಕ, ನೀ ಬ್ಯಾನರ್ ಮಾಡು, ಪಂಚಾಯ್ತಿ ಮಾಡಬ್ಯಾಡ. ಏನ ಕೆಲಸ ಯವ್ವಾ ಅಂವಂದು? ನಿಲ್ಲೂದು! ಎಲ್ಲಾರೂ ಓಡತಾರ, ಜಿಗೀತಾರ. ಇಂವ ಹೋಗಿ ಒಂದ ಕಡೆ ನಿಂತುಬಿಡ್ತಾನ.

ಅಮೃತವ್ವ: ನಿಂತು?

ನಿಜಲಿಂಗಪ್ಪ: ನಿಂತು ಎದುರಿನವರ ಕಡಿಂದ ಡಿಕ್ಕಿ ಹೊಡಿಸ್ಕೋತಾನ.

ಅಮೃತವ್ವನಿಗೆ ಮಗನ ಪಕ್ಕೆ ನೆನಪಾಯಿತು. ಪ್ರತಿ ಆಟದ ಮರುದಿನ ಮಗನ ಪಕ್ಕೆಗೆ ಅರಿಷಿಣ ಬಿಸಿಮಾಡಿ ಹಚ್ಚುವವಳು ಅವಳೇ. ಕೇಳಿದರೆ ಅವನು ಒಂದು ಸಲ ಮೆಟ್ಟಿಲು ಜಾರಿದೆ ಎನ್ನುತ್ತಿದ್ದ, ಇನ್ನೊಂದು ಸಲ ಬಸ್ಸಿನ ಬಾಗಿಲು ಬಡಿಯಿತು ಎನ್ನುತ್ತಿದ್ದ. ಬಸ್ಸಿನ ಬಾಗಿಲಿಗೆ ಅವನ ಮೇಲೇ ಯಾಕಿಷ್ಟು ಸಿಟ್ಟು ಎಂದು ಅವಳಿಗೆ ಆಗಲೇ ಅನುಮಾನವಿತ್ತು.

ಮನೆಯಲ್ಲಿ ಗಂಡ ಪುಂಡಲೀಕಪ್ಪನದೂ ಇದೇ ರಾಗ. 'ನಿಲ್ಲಾಕ ಬೆಳಗಾವಿಗೆ ಯಾಕ ಹೋಗಬೇಕು? ನಮ್ಮ ಹೊಲದಾಗ ನಿಲ್ಲಲಿ, ಹಕ್ಕಿಯರೆ ಹಾರಿ ಹೋಗತಾವ' ಎಂದಿದ್ದ. ಕೊನೆಗೆ ತೀರ್ಪನ್ನೂ ಕೊಟ್ಟಿದ್ದ: 'ಬಸ್‌ಸ್ಟ್ಯಾಂಡ್ ಬ್ಯಾನರಿನಾಗ ನಿನ್ನ ಮಗ ಎದ್ದು ಕಂಡ್ರ ಬೆಳಗಾವಿಗೆ ಹೋಗಲಿ. ಕಾಣಲಿಲ್ಲಂದ್ರ ಬೂಟು ಅಟ್ಟಕ್ಕ, ಅಂವ ಹೊಲಕ್ಕ.' ಪುಂಡಲೀಕಪ್ಪನ ಕಣ್ಣಿಗೆ ಎದುರು ಬರುವ ಬಸ್ಸಿನ ಬೋರ್ಡೇ ಕಾಣುವುದಿಲ್ಲ. ಎಡದಿಂದ ಒಂಬತ್ತನೆಯ ಗುಂಡಿ ಎಲ್ಲಿ ಕಂಡೀತು? ಹುಡುಗ ಎದುರಾಡಲಿಲ್ಲ. ಆದರೆ ಎರಡು ದಿನದಿಂದ ಒಂದೇ ರೊಟ್ಟಿಗೆ ಕೈ ತೊಳೆಯುತ್ತಿದ್ದ. ಅದನ್ನು ನೋಡಲಾರದೆ ಅಮೃತವ್ವ ಗದುಗಿನ ಬಸ್ಸು ಹತ್ತಿದ್ದಳು.

ಇದನ್ನೆಲ್ಲ ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ನಿಜಲಿಂಗಪ್ಪನವರ ಮನಸ್ಸು ಕರಗಿತು, ಆದರೆ ಬ್ಯಾನರ್ ಕರಗಲಿಲ್ಲ.

ನಿಜಲಿಂಗಪ್ಪ: ನನಗೂ ಮಕ್ಕಳದಾರ ಯವ್ವಾ, ತಿಳೀತೈತಿ. ಆದ್ರ ಅಂಗಡಿ ಮುಂದಿನ ಗೊಂಬಿಗೆ ನಾವು ಏನ ಉಡಸ್ತೀವಿ ಹೇಳು? ಜರಿ ಸೀರಿ. ಒಳಗ ಹೊಲಿಯೂ ಫಾಲ್ ತಂದು ಗೊಂಬಿಗೆ ಸುತ್ತತೀವೇನು?

ಅಮೃತವ್ವ: ಫಾಲ್ ಹಚ್ಚದ ಆ ಜರಿ ಸೀರಿ ಉಟ್ಟು ನಾಲ್ಕು ಹೆಜ್ಜಿ ನಡದು ತೋರಸ್ರಿ ನೋಡೋಣು.

ನಿಜಲಿಂಗಪ್ಪ: ನಾ ಯಾಕ ಉಡ್ಲಿ ಸೀರಿ!

ಅಮೃತವ್ವ: ಹಂಗಾದ್ರ ಮನ್ಯಾಗ ನಿಮ್ಮವರನ್ನ ಕೇಳ್ರಿ. ಅವರರೆ ಖರೆ ಹೇಳತಾರ.

ಹೀಗೆ ಅಂದವಳೇ ಚೀಲದಿಂದ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆದು ಶಫೀಕನ ಮುಂದಿಟ್ಟಳು. ಹತ್ತನೆಯ ಇಯತ್ತೆಯ ಪರೀಕ್ಷೆಗೆ ತೆಗೆಸಿದ್ದು. ಗವಿಸಿದ್ದೇಶ ಅದರಲ್ಲಿ ಯಾರೋ ಬೈದಂತೆ ಕೂತಿದ್ದ.

ಶಫೀಕ: ಅಕ್ಕಾರ, ಇದನ್ನ ದೊಡ್ಡದ ಮಾಡಿದ್ರ ಮಾರಿ ಹೋಗಿ ಉಪ್ಪಿಟ್ಟು ಆಕ್ಕತಿ. ತಡೀರಿ, ಆಟದ ಫೋಟೋ ಅದಾವ. ಅದರಾಗ ಹುಡುಕೋಣು.

ನಿಜಲಿಂಗಪ್ಪ: ಹಂಗ ನಮ್ಮ ವೀರು ಚೆಂಡು ಹಾಕೂದೂ ಒಂದು ಹುಡುಕು. ಈಗಿಂದು ಲಗ್ನದ ಫೋಟೋ ಇದ್ದಂಗ ಐತಿ.

ಫೋಟೋಗಳು ಒಂದರ ಹಿಂದೊಂದು ಬಂದವು. ಮೊದಲನೆಯದರಲ್ಲಿ ವೀರು ಚೆಂಡು ಎತ್ತಿ ಗಾಳಿಯಲ್ಲಿದ್ದ. ಅವನ ಸೊಂಟದಿಂದ ಕೆಳಗೆ ಯಾರದೋ ಬೆನ್ನು ಅಡ್ಡ. ಎರಡನೆಯದರಲ್ಲೂ ವೀರು, ಅದೇ ಬೆನ್ನು. ಮೂರನೆಯದು, ಏಳನೆಯದು, ಹತ್ತನೆಯದು, ಎಲ್ಲದರಲ್ಲೂ ಅದೇ.

ನಿಜಲಿಂಗಪ್ಪ: ಯಾಂವ ಅಂವ, ಎಲ್ಲಾ ಕಡೆ ಅಡ್ಡ ಬಂದ ನಿಂತಾನ?

ಅಮೃತವ್ವ: ನನ್ನ ಮಗ.

ನಿಜಲಿಂಗಪ್ಪ: ಮಾರಿ ಕಾಣವಲ್ದು, ಹೆಂಗ ಹೇಳತಿ?

ಅಮೃತವ್ವ: ಎಡಗಡಿ ಭುಜ ಒಂದ ಬೆರಳಷ್ಟ ಕೆಳಗೈತಿ ನೋಡ್ರಿ. ಹುಟ್ಟಿದಾಗಿಂದ ಆ ಬೆನ್ನ ತಿಕ್ಕಿ ಎರದಾಕಿ ನಾನ.

ನಿಜಲಿಂಗಪ್ಪ: ಆತು. ಶಫೀಕ, ಅಂವನ್ನ ಅಳಿಸು. ವೀರು ಅಷ್ಟ ಉಳೀಲಿ.

ಶಫೀಕ: ಅಳಸ್ತೀನ್ರಿ. ಈಗಿನ ಕಂಪ್ಯೂಟರ್ ಶಾಣ್ಯಾ ಆಗೇತಿ. ಒಬ್ಬರನ್ನ ತಗದ್ರ, ಅಲ್ಲಿ ಹಿಂದ ಏನ ಇರಬಹುದು ಅಂತ ತಾನ ಊಹೆ ಮಾಡಿ ತುಂಬತೈತಿ.

ಬೆನ್ನು ಹೋಯಿತು. ಪರದೆಯ ಮೇಲೆ ಸಣ್ಣ ಚಕ್ರವೊಂದು ತಿರುಗಿತು. ವೀರುವಿನ ಕಾಲುಗಳು ಮೂಡಿದವು. ಆಮೇಲೆ, ಗವಿಸಿದ್ದೇಶನ ಹೆಗಲಾಚೆ ಇಷ್ಟು ಹೊತ್ತು ಬರೀ ಒಂದು ಕೈಯಾಗಿ ಕಾಣುತ್ತಿದ್ದ ಎದುರು ತಂಡದ ಹುಡುಗ ಪೂರ್ತಿ ಮೂಡಿ ಬಂದ. ಮೂಡಿದವನು ವೀರುವಿನ ಎದೆಗೇ ಬಂದು ನಿಂತಿದ್ದ. ಅವನ ಎರಡೂ ಕೈ ವೀರುವಿನ ಚೆಂಡಿನ ಮೇಲಿದ್ದವು.

ನಿಜಲಿಂಗಪ್ಪ: ಏ! ಇಂವ ಎಲ್ಲಿಂದ ಬಂದ? ಇದು ಗೆದ್ದ ಬ್ಯಾನರೋ, ಸೋತ ಬ್ಯಾನರೋ?

ಶಫೀಕ: ನಾ ಏನೂ ಮಾಡಿಲ್ರಿ ಸಾವಕಾರ್ರ. ನೀವ ಹೇಳಿದಂಗ ಗವಿಸಿದ್ದೇಶನ್ನ ತಗದೆ. ಅಂವನ್ನ ತಗದ್ರ ಏನ ಆಗತಿತ್ತು ಅಂತ ಕಂಪ್ಯೂಟರ್ ಹೇಳೇತಿ.

ಅಮೃತವ್ವ ಕುರ್ಚಿಯಿಂದ ಎದ್ದು ಪರದೆಯ ಹತ್ತಿರ ಹೋದಳು. ಎರಡು ವರ್ಷದಿಂದ ಮಗ ಬಾಯಿಬಿಟ್ಟು ಹೇಳಲಾರದೆ ಹೋದದ್ದು ಆ ಗಾಜಿನ ಮೇಲೆ ಬಿಡಿಸಿಟ್ಟಂತಿತ್ತು. ಅವಳಿಗೆ ಹೆಮ್ಮೆಯಾಯಿತು, ಆ ಪಕ್ಕೆಯ ಬಾವು ನೆನೆದು ಸಂಕಟವೂ ಆಯಿತು.

ಅಮೃತವ್ವ: ನಮ್ಮೂರ ಕೆರಿ ನೋಡಾಕ ಎಲ್ಲೆಲ್ಲಿಂದೋ ಮಂದಿ ಬರತಾರ. ಏರಿ ನೋಡಾಕ ಬಂದೇವಿ ಅಂತ ಒಬ್ಬರೂ ಅನ್ನೂದಿಲ್ಲ. ಏರಿ ಒಡದ ದಿನ ಕೆರಿ ಎಲ್ಲಿರತೈತ್ರಿ?

ಶಫೀಕ: ಅಳಿಸಿದ್ದು ತಿರುಗಿ ತರ್ಲ್ಯಾ ಸಾವಕಾರ್ರ?

ನಿಜಲಿಂಗಪ್ಪ: ತಾ. ಆದ್ರ ಇಷ್ಟ ದೊಡ್ಡ ಬೆನ್ನ ಇಟ್ಕೊಂಡು ನಾ ಏನ ಮಾಡ್ಲಿ? ಅರ್ಧ ಬ್ಯಾನರ್ ತಿಂತೈತಿ ಅದು. ಬೆನ್ನ ನೋಡಿ ಯಾರಿಗೆ ಏನ ತಿಳೀತೈತಿ?

ಬೆನ್ನು ಮರಳಿ ಬಂತು. ಶಫೀಕ ಅಂಚು ಸರಿಯಿದೆಯೇ ನೋಡಲು ಚಿತ್ರವನ್ನು ಹಿಗ್ಗಿಸಿದ. ನಿಜಲಿಂಗಪ್ಪನವರು ಕಿಸೆಯಿಂದ ಓದುವ ಕನ್ನಡಕ ತೆಗೆದು ಮೂಗಿಗೇರಿಸಿದರು. ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಬೆನ್ನ ಮೇಲೆ ಒಂದಕ್ಷರವೂ ಮುಕ್ಕಾಗದೆ, ಸುಕ್ಕುಗಟ್ಟದೆ ಹೀಗಿತ್ತು: 'ನಿಜಲಿಂಗಪ್ಪ ಅಂಡ್ ಸನ್ಸ್, ಸೀರೆ ವ್ಯಾಪಾರಿಗಳು, ಬೆಟಗೇರಿ.' ಅದರ ಕೆಳಗೆ ಫೋನ್ ನಂಬರು, ಹತ್ತೂ ಅಂಕಿ.

ನಿಜಲಿಂಗಪ್ಪ: ಶಫೀಕ, ವೀರುನ ಫೋಟೋದಾಗ ಎಲ್ಲೆರೆ ಅಂಗಡಿ ಹೆಸರ ಕಾಣತೈತೇನು?

ಶಫೀಕ: ಇಲ್ರಿ. ಅಂವ ಚೆಂಡು ಹಾಕುವಾಗ ಬೆನ್ನ ತೋರಸೂದಿಲ್ಲ.

ನಿಜಲಿಂಗಪ್ಪ: ಅಡ್ಡಾಡಿ ಆಡೂ ಹುಡುಗೂರದ ಇದ ಹಣೇಬಾರ ನೋಡು, ಹೆಸರು ಎಲ್ಲಾ ಮಡಚಿ ಹೋಗತೈತಿ. ಇಂವ ಹೆಂಗ ನಿಂತಾನ! ಗ್ವಾಡಿ ಇದ್ದಂಗ! ದೊಡ್ಡದ ಮಾಡು. ಇನ್ನಷ್ಟ. ಇನ್ನೂ!

ಶಫೀಕ: ಇನ್ನ ದೊಡ್ಡದ ಮಾಡಿದ್ರ ವೀರು ಬ್ಯಾನರಿನ ಹೊರಗ ಹೋಕ್ಕಾನ್ರಿ. ಈಗ ಅಂವಂದು ಚೆಂಡು, ಮೊಣಕೈ ಅಷ್ಟ ಉಳದಾವ.

ನಿಜಲಿಂಗಪ್ಪ: ಹೋಗ್ಲಿ ಬಿಡು, ಮನಿ ಹುಡುಗ. ಕೆಳಗ ಒಂದು ವೃತ್ತದಾಗ ಹಾಕು.

ಅಮೃತವ್ವ: ಏ, ಹಂಗ ಮಾಡಬ್ಯಾಡ್ರಿ! ಪಾಪ, ಮೂವತ್ತೊಂದು ಹಾಕಿದ ಹುಡುಗ. ಅಂವ ಹಾಕ್ತಾನ ಅಂತ ನನ್ನ ಮಗ ನಿಂತಾನ. ಅಂವನ ಇಲ್ಲಂದ್ರ ಇಂವ ಯಾಕ ನಿಲ್ಲಬೇಕು, ಹಕ್ಕಿ ಹಾರಸಾಕ?

ನಿಜಲಿಂಗಪ್ಪ: ಈಗ ನೀ ವೀರುನ ಕಡೆ ಆದೇನು?

ಅಮೃತವ್ವ: ನೀವು ನನ್ನ ಮಗನ ಕಡೆ ಬಂದುಬಿಟ್ರಿ. ಆ ಕಡೆ ಯಾರರೆ ಒಬ್ಬರು ಬೇಕಲ್ರಿ.

ಶಫೀಕ: ಇಬ್ರೂ ಇರಲಿ ಅಂದ್ರ ಜಾಗ ಸಾಲೂದಿಲ್ಲ. ಬಲಗಡೆ ಒಬ್ಬರನ್ನ ಎಬ್ಬಸಬೇಕಾಕ್ಕತಿ.

ಬಲಗಡೆ ಕಪ್ಪು ಕನ್ನಡಕದವರು ಇನ್ನೂ ಫೋನಿನಲ್ಲಿ ಮಾತಾಡುತ್ತಲೇ ಇದ್ದರು. ಮೂವರೂ ಅವರನ್ನೇ ನೋಡಿದರು. ನಿಜಲಿಂಗಪ್ಪನವರು ತಮ್ಮನ್ನು ತಾವು ಒಮ್ಮೆ ನೋಡಿದರು, ಬೆನ್ನ ಮೇಲಿನ ಹತ್ತು ಅಂಕಿಗಳನ್ನು ಒಮ್ಮೆ ನೋಡಿದರು. ಎಡದಿಂದ ಒಂಬತ್ತನೆಯ ವೃತ್ತ ಖಾಲಿಯಾಗಿತ್ತು. ಉಸಿರು ಬಿಟ್ಟು ಅತ್ತ ಬೆರಳು ತೋರಿಸಿದರು. ಶಫೀಕ ಅವರನ್ನು ಅಲ್ಲಿ ಕೂರಿಸಿದ; ಕಿವಿಯ ಮೊಬೈಲ್ ಅರ್ಧ ವೃತ್ತದ ಹೊರಗುಳಿಯಿತು.

ಶಫೀಕ: ಅಕ್ಕಾರ, ಬ್ಯಾನರ್ ಆತು. ಆದ್ರ ಒಂದ ಮಾತು. ನಿಮ್ಮ ಮಗನ ಮಾರಿ ಎಲ್ಲೂ ಇಲ್ಲ, ಬರೇ ಬೆನ್ನೈತಿ. ಅವರಪ್ಪ ಗುರ್ತ ಹಿಡೀತಾರೇನ್ರಿ?

ಅಮೃತವ್ವ ಚೀಲ ಹೆಗಲಿಗೆ ಹಾಕಿಕೊಂಡಳು. ಡಂಬಳದ ಬಸ್ಸಿಗೆ ಇನ್ನೂ ಹೊತ್ತಿತ್ತು, ಮುಖ ಮಾತ್ರ ಆಗಲೇ ಊರು ಮುಟ್ಟಿದಂತಿತ್ತು.

ಅಮೃತವ್ವ: ಹಿಡೀದೇನ ಮಾಡ್ತಾರ ತಮ್ಮಾ? ಎರಡು ವರ್ಷ ಆತು, ಹೊಲದ ಕೆಲಸ ಹೇಳಾಕ ಅಂತ ಅವರು ಬಾಯಿ ತಗದಾಗೆಲ್ಲಾ ಕಂಡಿದ್ದು ಆ ಬೆನ್ನ ಒಂದ.