ಗಾಡಿ ಇಲ್ಲಿ ಯಾಕ ನಿಂದ್ರಿಸೀರಿ?

ನಿಂತ ಗಾಡಿಗೆ ಬಂದು ಗುದ್ದಿದವನಿಗೆ ಮೊದಲು ಸಿಟ್ಟು ಬರುವುದು ನಿಂತ ಗಾಡಿಯ ಮೇಲೆ. ಇದು ನನ್ನ ಅನುಭವದ ಮಾತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಎಲ್ಲ ಕಡೆ ಗುದ್ದಿಸಿಕೊಂಡಿದ್ದೇನೆ, ಎಲ್ಲ ಕಡೆ ಒಂದೇ ಪ್ರಶ್ನೆ ಕೇಳಿಸಿಕೊಂಡಿದ್ದೇನೆ: "ಗಾಡಿ ಇಲ್ಲಿ ಯಾಕ ನಿಂದ್ರಿಸೀರಿ?"

ನಿಜಾಮರ ಸರ್ಕಾರದ ಕಾಲ. ನಾನು ಎಂಜಿನ್ ಫಿಟರ್. ಹಿಟ್ಟಿನ ಗಿರಣಿ, ಅಕ್ಕಿ ಗಿರಣಿ, ಹತ್ತಿಯ ಬೀಜ ಬಿಡಿಸುವ ಜಿನ್ನು, ಎಲ್ಲಿ ಎಂಜಿನ್ ಕೆಟ್ಟರೂ ನನಗೆ ಹೇಳಿಕಳಿಸುತ್ತಿದ್ದರು. ಊರಿಂದ ಊರಿಗೆ ತಿರುಗಲು ಗದಗಿನ ಹತ್ತಿ ವ್ಯಾಪಾರಿಯೊಬ್ಬರು ಓಡಿಸಿ ಬಿಟ್ಟ ಹಳೆಯ ಮೋಟಾರ್ ಸೈಕಲ್ ಕೊಂಡಿದ್ದೆ. ಜನ ಅದಕ್ಕೆ ಫಟಫಟಿ ಎನ್ನುತ್ತಿದ್ದರು. ಅದರ ಸಪ್ಪಳಕ್ಕೆ ಕೋಳಿಗಳು ಮಾಳಿಗೆ ಏರುತ್ತಿದ್ದವು. ಓಡುವಾಗ ಅದರ ತಂಟೆಗೆ ಯಾರೂ ಬರುತ್ತಿರಲಿಲ್ಲ, ಎಲ್ಲರೂ ದಾರಿ ಬಿಟ್ಟು ಗಟಾರಕ್ಕೆ ಇಳಿದು ನಿಲ್ಲುತ್ತಿದ್ದರು. ಪೆಟ್ಟು ಬಿದ್ದದ್ದೆಲ್ಲ ಅದು ಗೋಡೆಯ ಪಕ್ಕವೋ ಮರದ ನೆರಳಲ್ಲೋ ಸುಮ್ಮನೆ ನಿಂತಾಗ.

ನಾನು ಬಿಡುವ ಪೈಕಿ ಅಲ್ಲ. ರಿಪೇರಿ ಬೇಕಾದರೆ ನಾನೇ ಮಾಡಿಕೊಂಡೇನು, ಕೈಯಲ್ಲಿ ವಿದ್ಯೆ ಇದೆ. ನನಗೆ ಬೇಕಾಗಿದ್ದು ಒಂದು ಮಾತು. ಗುದ್ದಿದವನು ನನ್ನ ಮುಖ ನೋಡಿ "ನನ್ನ ತಪ್ಪಾತ್ರಿ" ಅನ್ನಬೇಕು, ಅಷ್ಟೇ.

"ಆ ಮಾತು ತಗೊಂಡು ಉಪ್ಪಿನಕಾಯಿ ಹಾಕ್ತೀರೇನು?" ಎಂದು ನನ್ನ ಹೆಂಡತಿ ಕೇಳುತ್ತಿದ್ದಳು.

ಹಾಕುವೆನೋ ಬಿಡುವೆನೋ, ಮೊದಲು ಕೈಗೆ ಸಿಗಲಿ ಎನ್ನುತ್ತಿದ್ದೆ.

ನಿದ್ದೆಯ ಒಡೆಯ

ಕುಕನೂರಿನ ಸಂತೆಯ ದಿನ. ಊರ ಹೆಬ್ಬಾಗಿಲಾದ ಅಗಸಿಯ ಪಕ್ಕ ಗೋಡೆಗೆ ಹತ್ತಿಸಿ ಗಾಡಿ ನಿಲ್ಲಿಸಿ ಹಿಟ್ಟಿನ ಗಿರಣಿಯೊಳಗೆ ಹೋಗಿದ್ದೆ. ಹೊರಗೆ ಏನೋ ಕರಕರ ಸಪ್ಪಳವಾಯಿತು. ಬಂದು ನೋಡಿದರೆ ಜೋಳದ ಚೀಲ ಹೇರಿದ ಬಂಡಿಯೊಂದು ತನ್ನ ಅಚ್ಚಿನ ತುದಿಗೆ ನನ್ನ ಹಿಂದಿನ ಮಡಗಾರ್ಡನ್ನು ಸಿಕ್ಕಿಸಿಕೊಂಡು, ಫಟಫಟಿಯನ್ನು ಆಡಿನ ಮರಿಯಂತೆ ಎಳೆದುಕೊಂಡು ಹೊರಟಿದೆ. ಚೀಲಗಳ ಮೇಲೆ ಬಂಡಿ ಹೊಡೆಯುವವನು ಬಾಯಿ ತೆರೆದು ಮಲಗಿದ್ದಾನೆ. ಎತ್ತುಗಳು ತಮಗೆ ಗೊತ್ತಿದ್ದ ಮನೆಯ ದಾರಿ ಹಿಡಿದಿವೆ.

ಎತ್ತಿನ ಮೂಗುದಾರ ಹಿಡಿದು ನಿಲ್ಲಿಸಿ ಅವನ ಕಾಲು ಜಗ್ಗಿದೆ. ಎದ್ದವನು ಕಣ್ಣುಜ್ಜಿಕೊಂಡು ಕೇಳಿದ, "ಗಾಡಿ ಇಲ್ಲಿ ಯಾಕ ನಿಂದ್ರಿಸೀರಿ?"

"ಇಲ್ಲಿ ನಿಂದ್ರಿಸಿಲ್ಲೋ ತಮ್ಮಾ. ಅಲ್ಲಿ ಅಗಸ್ಯಾಗ ನಿಂದ್ರಿಸಿದ್ದೆ. ಇಲ್ಲಿಗೆ ನೀನ ತಂದೀದಿ."

"ನಾ ಮಲಗಿದ್ನೆಲ್ರಿ, ನಾ ಹ್ಯಾಂಗ ತರ್ಲಿ? ಎತ್ತು ತಂದಾವು."

"ಹಂಗಾರ ಎತ್ತು ಕೊಡು."

"ಎತ್ತು ನಮ್ಮ ಮಾವಂದು."

"ಬಂಡಿ ಕೊಡು."

"ಬಂಡಿ ಗೌಡ್ರದು."

"ಜೋಳ?"

"ಅದೂ ಗೌಡ್ರದ."

"ಮತ್ತ ಇದರಾಗ ನಿಂದೇನೈತೋ?"

ಅವನು ಖರೇನೇ ಯೋಚನೆ ಮಾಡಿದ. ಎತ್ತು ನೋಡಿದ, ಬಂಡಿ ನೋಡಿದ. "ನಿದ್ದಿ ಅಷ್ಟ ನಂದು ನೋಡ್ರಿ," ಎಂದ.

ನನ್ನ ಸಿಟ್ಟು ಇಳಿಯಲಿಲ್ಲ. ಸಂತೆಯ ನಾಲ್ಕು ಜನರನ್ನು ಕರೆದು ಫಟಫಟಿಯನ್ನು ಅದೇ ಬಂಡಿಯ ಮೇಲೆ ಹೇರಿಸಿದೆ. ಯಲಬುರ್ಗಾದ ನನ್ನ ಮನೆಯ ಬಾಗಿಲಿಗೆ ಮುಟ್ಟಿಸಿಯೇ ನೀನು ನಿನ್ನ ಊರಿಗೆ ಹೋಗತಕ್ಕದ್ದು ಎಂದು ತಾಕೀತು ಮಾಡಿದೆ. ಹೂಂ ಅಂದ. ಊರು ದಾಟುವುದರೊಳಗೆ ಮತ್ತೆ ಗೊರಕೆ ಸುರುವಾಯಿತು. ಎತ್ತುಗಳಿಗೆ ಯಲಬುರ್ಗಾದ ದಾರಿ ಗೊತ್ತಿಲ್ಲ. ಕೊನೆಗೆ ಹಗ್ಗ ನಾನೇ ಹಿಡಿದೆ.

ಎದುರಿಗೆ ನಮ್ಮೂರ ಕುಲಕರ್ಣಿಯವರು ಕುದುರೆಯ ಮೇಲೆ ಬಂದರು. ಬಂಡಿ ಹೊಡೆಯುವ ನನ್ನನ್ನೂ ಹಿಂದೆ ಕಾಲು ಚಾಚಿ ಮಲಗಿದವನನ್ನೂ ನೋಡಿ ಕುದುರೆ ನಿಲ್ಲಿಸಿದರು.

"ಅಲ್ರಿ ಫಿಟರ್ ಸಾಹೇಬ್ರ," ಎಂದು ದನಿ ತಗ್ಗಿಸಿ ಕೇಳಿದರು, "ಯಾವಾಗಿಂದ ಈ ಧಣ್ಯಾರ ಹತ್ರ ಆಳಾಗಿ ನಿಂತೀರಿ?"

ಕಲ್ಲಿನ ಬ್ರೇಕು

ಎರಡನೆಯ ಮಹಾಯುದ್ಧದ ಕಾಲಕ್ಕೆ ಬಸ್ಸಿಗೆ ಸಾಲುವಷ್ಟು ಪೆಟ್ರೋಲು ಸಿಗದಂತಾಗಿ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಒಲೆಯ ಹೊಗೆಯಿಂದ ಬಸ್ಸು ಹೇಗೋ ಓಡುತ್ತಿತ್ತು. ಓಡುವ ಚಿಂತೆಗಿಂತ ನಿಲ್ಲುವ ಚಿಂತೆ ದೊಡ್ಡದಾಗಿತ್ತು. ಕುಷ್ಟಗಿಗೆ ಬರುತ್ತಿದ್ದ ಬಸ್ಸಿಗೆ ಬ್ರೇಕು ಎಂಬುದು ಹೆಸರಿಗಷ್ಟೇ ಇತ್ತು. ಬಸ್ಸಿನ ವೇಗ ಇಳಿದ ಕೂಡಲೇ ಕಂಡಕ್ಟರ್ ಒಂದು ದೊಡ್ಡ ಕಲ್ಲು ಹೊತ್ತು ಕೆಳಗೆ ಹಾರಿ ಅದನ್ನು ಗಾಲಿಗೆ ಕೊಡಬೇಕು. ಆಗ ಬಸ್ಸು ನಿಂತ ಹಾಗೆ.

ಅವತ್ತು ಕಂಡಕ್ಟರ್ ಎಲೆ ಅಡಿಕೆ ಹಾಕಿಕೊಳ್ಳುವ ಗಡಿಬಿಡಿಯಲ್ಲಿ ಕಲ್ಲು ಮರೆತ. ಬಸ್ಸು ಇಳಿಜಾರಿನಲ್ಲಿ ಹಿಂದಕ್ಕೆ ಸರಿಯುತ್ತ ಬಂದು, ಚಹಾದ ಅಂಗಡಿಯ ಗೋಡೆಗೆ ಆನಿಸಿ ನಿಲ್ಲಿಸಿದ್ದ ನನ್ನ ಫಟಫಟಿಗೆ ಒರಗಿ ನಿಂತಿತು. ಮಡಗಾರ್ಡು ಗಾಲಿಯೊಳಗೆ ಹೋಯಿತು, ಸೀಟು ಸೊಟ್ಟಗಾಯಿತು. ಡ್ರೈವರ್ ಇಳಿದು ಬಂದು, "ಗಾಡಿ ಇಲ್ಲಿ ಯಾಕ..." ಎಂದು ಬಾಯಿ ತೆಗೆದವನು, ಅಂಗಡಿಯ ಪಕ್ಕದ ಹಳ್ಳ ನೋಡಿ ಮಾತು ಬದಲಿಸಿದ.

"ಛಲೋ ಆತು ನೋಡ್ರಿ ನಿಮ್ಮ ಗಾಡಿ ಇಲ್ಲಿದ್ದದ್ದು. ಇಲ್ಲಂದ್ರ ಇಷ್ಟೂ ಮಂದಿ ಹಳ್ಳದಾಗ ಇರ್ತಿದ್ರು."

ಒಳಗಿದ್ದ ಜನ ಇಳಿದು ಬಂದು ಫಟಫಟಿಗೆ ಕೈ ಮುಗಿದರು. ಒಬ್ಬಾಕೆ ಅದರ ಗಾಲಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನನ್ನನ್ನು ಯಾರೂ ಮಾತಾಡಿಸಲಿಲ್ಲ.

"ಅದೆಲ್ಲ ಇರ್ಲಿ, ತಪ್ಪಾತು ಅನ್ನು," ಎಂದೆ.

"ತಪ್ಪು ನಂದ್ಯಾಕ್ರಿ? ಕಲ್ಲು ಇಡಾಂವ ಬ್ಯಾರೆ ಅದಾನ," ಎಂದ ಡ್ರೈವರ್.

"ಇಡೂನು ಅಂದ್ನಿರಿ, ಅಷ್ಟರಾಗ ಬಸ್ಸ ಹೋತು," ಎಂದ ಕಂಡಕ್ಟರ್.

ನಾನು ಬಸ್ಸಿನ ಮುಂದೆ ಹೋಗಿ, ಎಂಜಿನ್ ತಿರುಗಿಸಿ ಚಾಲು ಮಾಡುವ ಕಬ್ಬಿಣದ ಹ್ಯಾಂಡಲನ್ನು ಕಿತ್ತುಕೊಂಡು ಬಂದು ಕಟ್ಟೆಯ ಮೇಲೆ ಕುಳಿತೆ. "ಆ ಮಾತು ಬರೂತನಕ ಬಸ್ಸ ಹೋಗಂಗಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಬಿಸಿಲು ಏರಿತು. ಆಗ ತಾನೇ ಕೈ ಮುಗಿದ ಜನ ಈಗ ನನ್ನನ್ನು ಬೈಯತೊಡಗಿದರು. ನಾನು ಹ್ಯಾಂಡಲನ್ನು ತೊಡೆಯ ಮೇಲಿಟ್ಟುಕೊಂಡು ಆಕಾಶ ನೋಡುತ್ತ ಕುಳಿತೆ.

ಮಗಳ ಸೀಮಂತಕ್ಕೆ ಬುತ್ತಿ ಹೊತ್ತು ಹೊರಟಿದ್ದ ಒಬ್ಬ ಮುದುಕಿ ಬುಟ್ಟಿ ಸಮೇತ ನನ್ನ ಹತ್ತಿರ ಬಂದಳು. "ಹಸದೀ ಕಾಣತೈತಿ ಯಪ್ಪಾ. ಹೊಟ್ಟಿ ಖಾಲಿ ಇದ್ರ ಮನಷಾಗ ಸಿಟ್ಟು ಭಾಳ," ಎಂದು ಹೋಳಿಗೆ ತೆಗೆದು, ಮೇಲೆ ತುಪ್ಪ ಸುರಿದು ಕೊಟ್ಟಳು. ತುಪ್ಪ ಸೋರುವ ಹೋಳಿಗೆ ಒಂದೇ ಕೈಯಲ್ಲಿ ತಿನ್ನುವ ವಸ್ತುವಲ್ಲ. ಹ್ಯಾಂಡಲ್ ಕೆಳಗಿಟ್ಟೆ. ಎರಡನೆಯ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಬಸ್ಸು ಚಾಲು ಆದ ಸಪ್ಪಳ ಕೇಳಿಸಿತು. ಕೆಳಗೆ ನೋಡಿದರೆ ಹ್ಯಾಂಡಲ್ ಇಲ್ಲ. ಮುದುಕಿ ಕಿಟಕಿಯಿಂದ ನನಗೆ ಕೈ ಬೀಸುತ್ತಿದ್ದಳು.

ಮುಂದಿನ ಸಲ ಕುಷ್ಟಗಿಗೆ ಯಾರದೋ ಬಂಡಿಯಲ್ಲಿ ಬಂದಿದ್ದೆ. ಅದೇ ಡ್ರೈವರ್ ನನ್ನನ್ನು ಕಂಡು ಗಾಬರಿಯಾಗಿ ಕೇಳಿದ, "ಫಟಫಟಿ ತಂದಿಲ್ಲೇನ್ರಿ? ಮತ್ತ ನಾವು ಬಸ್ಸ ಎಲ್ಲಿ ನಿಂದ್ರಸೂದು?"

ವಕೀಲರ ಸಾಕ್ಷಿ

ಕೊಪ್ಪಳದಲ್ಲಿ ವಕೀಲರೊಬ್ಬರು ಹೊಸದಾಗಿ ಕಾರು ಕೊಂಡು ತಾವೇ ನಡೆಸಲು ಕಲಿಯುತ್ತಿದ್ದರು. ಹೆಂಡತಿಯನ್ನು ಹಿಂದೆ ಕೂಡಿಸಿಕೊಂಡು ಗುಡಿಗೆ ಹೊರಟವರು ಹಾಡಹಗಲೇ ಬಂದು ನನ್ನ ಫಟಫಟಿಯನ್ನು ಕೆಡವಿದರು. ಎಲ್ಲರೂ ಕೇಳುವ ಪ್ರಶ್ನೆಯನ್ನು ಅವರೂ ಕೇಳಿದರು. ವಕೀಲರಾದ್ದರಿಂದ ಅಷ್ಟಕ್ಕೆ ಬಿಡಲಿಲ್ಲ.

"ನಿಮ್ಮ ಗಾಡಿ ನಿಂತಿತ್ತು ಅನ್ನಾಕ ಸಾಕ್ಷಿ ಯಾರದಾರ? ಅದ ಉರುಳಿ ಬಂದು ನನಗ ಬಡದಿರಬೌದು."

"ಸಾಕ್ಷಿ ನಿಮ್ಮ ಕಾರಿನಾಗ ಕುಂತಾರಲ್ರಿ," ಎಂದೆ.

ವಕೀಲರು ನಕ್ಕರು. ಕಟ್ಟಿಕೊಂಡವಳು ತಮ್ಮ ವಿರುದ್ಧ ಹೇಳಲಾರಳೆಂಬ ಧೈರ್ಯ ಅವರಿಗೆ. ಹಿಂದಿನ ಸೀಟಿನಲ್ಲಿ ಅಮ್ಮಾವರು ಸೆರಗು ಸರಿ ಮಾಡಿಕೊಂಡು, "ನಾ ನೋಡೇನ್ರಿ. ಅವರ ಗಾಡಿ ಸುಮ್ನ ನಿಂತಿತ್ತು. ಇವರು ಮುಂದ ನೋಡಿದ್ದಿಲ್ಲ," ಎಂದರು.

"ನಾ ಮುಂದನ ನೋಡಾಕತ್ತಿದ್ದೆ," ಎಂದರು ವಕೀಲರು.

"ಯಾರ ಮನಿ ಮಾಳಿಗಿ ನೋಡಾಕತ್ತಿದ್ರಿ ಅನ್ನೂದನ್ನೂ ಹೇಳ್ಲೇನು?"

ವಕೀಲರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು. "ತಪ್ಪು ಒಪ್ಪಿಲ್ಲ," ಎಂದು ಮೆಲ್ಲಗೆ ಹೇಳಿದರು, "ದುರಸ್ತಿ ಒಪ್ಪೀನಿ."

ದುರಸ್ತಿಯಾಯಿತು, ನನಗೆ ಬೇಕಾದ ಮಾತು ಸಿಗಲಿಲ್ಲ. ಮನೆಯಲ್ಲಿ ಅಮ್ಮಾವರಿಗೆ ಸಿಕ್ಕಿರಬೇಕು. ಮರುವಾರ ಕಾರಿಗೆ ಒಬ್ಬ ಮುದುಕ ಡ್ರೈವರ್ ಬಂದಿದ್ದ. ಅಮ್ಮಾವರೇ ಹುಡುಕಿ ತಂದಿದ್ದಂತೆ. ಅವನ ಕತ್ತು ಆ ಕಡೆಗೂ ಹೊರಳುತ್ತಿರಲಿಲ್ಲ, ಈ ಕಡೆಗೂ ಹೊರಳುತ್ತಿರಲಿಲ್ಲ.

ಬೋಳೆಮ್ಮೆ

ಆಮೇಲೆ ಹೊಳೆಗೆ ಡ್ಯಾಮು ಕಟ್ಟುವ ಕೆಲಸ ಸುರುವಾಯಿತು. ಮುನಿರಾಬಾದ್ ಕಡೆ ದೊಡ್ಡ ದೊಡ್ಡ ಗುತ್ತೇದಾರರು ಬಂದಿಳಿದರು. ಅವರಲ್ಲೊಬ್ಬರಿಗೆ ಮೇಲೆ ಕ್ಯಾನ್ವಾಸಿನ ಹೊದಿಕೆ ಇದ್ದ ಉದ್ದನೆಯ ಕಾರು ಇತ್ತು. ಹೊದಿಕೆ ಮಡಚಿ ಹಿಂದೆ ಹಾಕಿದರೆ ಕಾರು ತೆರೆದ ತೊಟ್ಟಿಲ ಹಾಗೆ ಕಾಣುತ್ತಿತ್ತು. ಅದರ ಡ್ರೈವರ್‌ಗೆ ಗುತ್ತೇದಾರರಿಗಿಂತ ಹೆಚ್ಚಿನ ಸೊಕ್ಕು.

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ನಾನು ಎಂಜಿನ್ ಬಿಚ್ಚಿಕೊಂಡು ಕುಳಿತಿದ್ದೆ. ಫಟಫಟಿ ಹೊರಗೆ ಬೇವಿನ ಮರದ ಕೆಳಗಿತ್ತು. ಗಿರಣಿಯ ಮಾಲೀಕರ ಮನೆಗೆ ಊಟಕ್ಕೆ ಬಂದ ಆ ಕಾರು ಹಿಂದಕ್ಕೆ ಸರಿಯುವಾಗ ಫಟಫಟಿಯನ್ನು ಮರಕ್ಕೆ ಅರೆಯಿತು. ಮುಂದಿನ ಗಾಲಿ ಹಪ್ಪಳವಾಯಿತು, ದೀಪ ಪುಡಿಯಾಯಿತು. ಸಂಜೆಯೊಳಗೆ ನಾನು ಕುಷ್ಟಗಿಯ ಹತ್ತಿ ಜಿನ್ನಿನಲ್ಲಿ ಇರಬೇಕಿತ್ತು. ಹೋಗದಿದ್ದರೆ ಆ ಕೆಲಸ ಇನ್ನೊಬ್ಬ ಫಿಟರ್ ಪಾಲಾಗುತ್ತಿತ್ತು, ಮುಂದೆ ಕುಷ್ಟಗಿಯವರು ನನ್ನನ್ನು ಕರೆಯುತ್ತಲೂ ಇರಲಿಲ್ಲ. ಹೊಟ್ಟೆಯ ಮೇಲೇ ಹೊಡೆದಂತಾಯಿತು.

"ಗಾಡಿ ಇಲ್ಲಿ ಯಾಕ ನಿಂದ್ರಿಸೀ?" ಎಂದ ಡ್ರೈವರ್. ಉಳಿದವರು ರೀ ಆದರೂ ಹಚ್ಚುತ್ತಿದ್ದರು, ಇವನು ಅದನ್ನೂ ಬಿಟ್ಟ. "ಇದು ಯಾರ ಕಾರು ಅಂತ ಗೊತ್ತೈತೇನು?"

"ಗುದ್ದಿದವರ ಕಾರು ಅಂತ ಗೊತ್ತೈತಿ. ತಪ್ಪಾತು ಅನ್ನು."

"ಆ ಮಾತು ನಾ ನಮ್ಮಪ್ಪಗೂ ಅಂದಿಲ್ಲ," ಎಂದು ಮೀಸೆ ತಿರುವಿಕೊಂಡು ಊಟಕ್ಕೆ ಒಳಗೆ ಹೋದ.

ಅಷ್ಟರಲ್ಲಿ ಯಾರೋ ರೈತರು ಭತ್ತದ ಗದ್ದೆಗೆ ನುಗ್ಗಿದ ಎಮ್ಮೆಗಳನ್ನು ಬೈಯುತ್ತ ಕೊಂಡವಾಡಕ್ಕೆ ಹೊಡೆದುಕೊಂಡು ಹೋದರು. ಮಂದಿಯ ಬೆಳೆ ತಿಂದ ದನಗಳನ್ನು ಕೂಡಿಹಾಕುವ ಸರ್ಕಾರಿ ದೊಡ್ಡಿಯೇ ಕೊಂಡವಾಡ. ದನದ ಧಣಿ ಬಂದು ದಂಡ ಕಟ್ಟಿ, ಮೇವಿನ ಖರ್ಚು ಕೊಟ್ಟು ಬಿಡಿಸಿಕೊಂಡು ಹೋಗಬೇಕು. ಅದು ಗಿರಣಿಯ ಎದುರಿಗೇ ಇತ್ತು. ಅದರ ಕಾವಲಿನ ಮುದುಕನಿಗೆ ಒಂದು ಹಳೆಯ ಉರಿ ಇತ್ತು. ಬಡವರ ದನ ಬಂದರೆ ದಂಡ, ದೊಡ್ಡವರ ದನ ಬಂದರೆ ಮೇಲಿನಿಂದ ಒಂದು ಮಾತು ಬಂದು ಬಿಡುಗಡೆ. ನಾನು ಅವನ ಹತ್ತಿರ ಹೋದೆ.

"ಕಾಕಾ, ಮಂದಿ ಮಾಲು ನುಕ್ಸಾನ ಮಾಡಿದ್ದನ್ನ ಹಿಡಕೊಂಡು ಬಂದ್ರ ಒಳಗ ಹಾಕ್ಕೊತೀರಲ್ಲ?"

"ಯಾರದ ಇರ್ಲಿ, ಹಾಕ್ಕೊತೀನಿ."

"ಮೋಟಾರು?"

ಮುದುಕ ಎದ್ದು ಬಂದು ಒಡೆದ ದೀಪ ನೋಡಿದ. ಆಮೇಲೆ ಕಾರಿನ ಸುತ್ತ ತಿರುಗಿ ನೋಡಿದ. "ನಾಕು ಕಾಲು ಅದಾವು. ಕೊಂಬಿಲ್ಲ," ಎಂದ. "ಬೋಳೆಮ್ಮಿ ಬಂದ್ರ ನಾ ಬ್ಯಾಡ ಅಂತೀನೇನು? ನೂಕ್ಕೊಂಡು ಬರ್ರಿ."

ಗಿರಣಿಯ ಹಮಾಲರು ಕರೆಯುವುದನ್ನೇ ಕಾಯುತ್ತಿದ್ದರು. ಕಾರು ದೊಡ್ಡಿಯೊಳಗೆ ಎಮ್ಮೆಗಳ ನಡುವೆ ಹೋಗಿ ನಿಂತಿತು. ಮುದುಕ ಅದರ ಮೂತಿಗೆ ಹಗ್ಗ ಹಾಕಿ ಗೂಟಕ್ಕೆ ಕಟ್ಟಿದ, ಮುಂದೆ ಒಂದು ಹಿಡಿ ಹುಲ್ಲು ಹಾಕಿದ, ಬಾಗಿಲು ಎಳೆದುಕೊಂಡ.

ಊಟ ಮುಗಿಸಿ ಬಂದ ಗುತ್ತೇದಾರರು ಕಾರು ಕಾಣದೆ, ಜನ ನಗುವ ದಿಕ್ಕು ಹಿಡಿದು ಅಲ್ಲಿಗೆ ಬಂದರು. ಹಿಂದೆ ಡ್ರೈವರ್.

"ಯಾರದಿದು?" ಎಂದ ಮುದುಕ.

"ನಂದು. ಬಾಗ್ಲಾ ತೆಗಿ."

"ಹಿಡಕೊಂಡು ಬಂದವರು ಹೂಂ ಅನಬೇಕ್ರಿ. ದಂಡ ಕಟ್ಟಬೇಕು. ಹುಲ್ಲಿಂದು ಬ್ಯಾರೆ."

"ಮೋಟಾರು ಹುಲ್ಲು ತಿಂತೈತೇನೋ?"

"ತಿಂದಿಲ್ರಿ, ಖರೆ. ಆದ್ರ ನಾ ಹಾಕೀನಿ."

ಗುತ್ತೇದಾರರು ನನ್ನ ಕಡೆ ತಿರುಗಿದರು. ಪೊಲೀಸರನ್ನು ಕರೆಸಲೇನು ಎಂದರು. ಕರೆಸಿರಿ, ಗಾಲಿ ಅವರಿಗೂ ತೋರಿಸುತ್ತೇನೆ ಎಂದೆ. ಒಳಗೆ ಹೆದರಿಕೆ ಇತ್ತು. ಆ ಕಾಲದಲ್ಲಿ ದೊಡ್ಡವರಿಗೆ ಎದುರು ನಿಂತವರ ಗತಿ ನಾನು ಕಂಡಿದ್ದೆ. ಆದರೆ ಹಿಂದೆ ಹಮಾಲರು ಗೋಡೆಯ ಹಾಗೆ ನಿಂತಿದ್ದರು, ಓಡುತ್ತೇನೆಂದರೂ ದಾರಿ ಇರಲಿಲ್ಲ. ಡ್ಯಾಮಿನ ಹತ್ತಿರ ದೊಡ್ಡ ಸಾಹೇಬರೊಬ್ಬರು ಕಾಯುತ್ತಿದ್ದುದರಿಂದ ಗುತ್ತೇದಾರರೇ ಇಳಿದು ಬಂದರು.

"ನಿನಗ ಏನು ಬೇಕು?"

"ಗಾಲಿ ಹೊಸಾದು ಬರಬೇಕು. ಸಂಜಿಕ ನಾ ಕುಷ್ಟಗ್ಯಾಗ ಇರಬೇಕು. ಇವನ ಬಾಯಿಂದ ತಪ್ಪಾತು ಅನ್ನೂ ಮಾತು ಬರಬೇಕು."

"ಗಾಲಿ ಕೊಡಸ್ತೀನಿ. ನಮ್ಮ ಲಾರಿ ಕುಷ್ಟಗಿಗೆ ಬಿಟ್ಟು ಬರತೈತಿ," ಎಂದು ಅವರು ಡ್ರೈವರ್ ಕಡೆ ನೋಡಿದರು.

"ಗಾಲಿ ಬೇಕಾದ್ರ ಹತ್ತು ಕೊಡಸ್ರಿ ಧಣಿ," ಎಂದ ಅವನು, "ಆ ಮಾತು ನಾ ಅನ್ನಂಗಿಲ್ಲ."

ಆಗ ದೊಡ್ಡಿಯೊಳಗಿಂದ ಪರ್ರನೆ ಏನೋ ಹರಿದ ಸಪ್ಪಳ ಬಂತು. ಎಲ್ಲರೂ ಒಳಗೆ ಇಣುಕಿದೆವು. ಕಾರಿನ ಹೊದಿಕೆ ಮಡಚಿತ್ತು. ದೊಡ್ಡ ಎಮ್ಮೆಯೊಂದು ಕಾರಿನೊಳಗೆ ತಲೆ ಹಾಕಿ, ಮುಂದಿನ ಸೀಟು ಹರಿದು, ಅದರೊಳಗೆ ತುರುಕಿದ್ದ ನಾರು ಎಳೆದೆಳೆದು ತಿನ್ನುತ್ತಿತ್ತು. ಇನ್ನೊಂದು ಮೈ ತಿಕ್ಕಿ ತಿಕ್ಕಿ ಮುಂದಿನ ದೀಪ ಕೆಡವಿತ್ತು. ಡ್ರೈವರ್ ಗೋಡೆ ಹಾರಿ ಒಳಗೆ ಧುಮುಕಿದ.

"ಏ ಮುದುಕಾ, ನಿಂತ ಗಾಡಿಗೆ ಹಿಂಗ ಮಾಡ್ಯಾವಲ್ಲ, ಇದಕ್ಕ ಯಾರು ಹೊಣಿ?"

ಮುದುಕನಿಗೆ ನಾನೇನೂ ಹೇಳಿಕೊಟ್ಟಿರಲಿಲ್ಲ. ಅವನು ನಗಲೂ ಇಲ್ಲ. "ಎಮ್ಮಿ ನಿಂದ್ರೂ ಜಾಗಾದಾಗ," ಎಂದ, "ಗಾಡಿ ಯಾಕ ನಿಂದ್ರಿಸೀರಿ?"

ಹಮಾಲರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಗುತ್ತೇದಾರರು ಆ ಕಡೆ ಮುಖ ತಿರುಗಿಸಿ ಕೆಮ್ಮಿದರು. ಡ್ರೈವರ್ ಸಿಟ್ಟಿನಲ್ಲಿ ಎಮ್ಮೆಯ ಕಿವಿ ಹಿಡಿದು ಜಗ್ಗಿದ. ಎಮ್ಮೆ ತಲೆ ಎತ್ತಲಿಲ್ಲ. ಸುಮ್ಮನೆ ಹೊಟ್ಟೆ ಹೊರಳಿಸಿ ಅವನನ್ನು ಕಾರಿನ ಬಾಗಿಲಿಗೆ ಒತ್ತಿ ನಿಂತು ತಿನ್ನುವುದನ್ನು ಮುಂದುವರಿಸಿತು. ಅವನ ಉಸಿರು ಕಟ್ಟಿತು, ಮೀಸೆ ಎಮ್ಮೆಯ ಬೆನ್ನಿಗೆ ಹತ್ತಿತು. ಇದ್ದ ಕೈ ಎರಡನ್ನೂ ಮೇಲೆತ್ತಿ ಜೋಡಿಸಿದ.

"ತಪ್ಪಾತವ್ವಾ, ತಪ್ಪಾತು. ಬಿಡು ನನ್ನ."

"ಅದನ್ನ ಈ ಕಡೆ ತಿರುಗಿ ಅನ್ನಪಾ," ಎಂದೆ ನಾನು ಬಾಗಿಲಲ್ಲಿ ನಿಂತು.

ಅವನಿಗೆ ತಿರುಗಿಸಲು ಉಳಿದದ್ದು ಕತ್ತು ಒಂದೇ. ತಿರುಗಿಸಿದ. ನನ್ನ ಮುಖ ನೋಡಿ, ಎಲ್ಲರ ಎದುರಿಗೆ, "ನನ್ನ ತಪ್ಪಾತ್ರಿ," ಎಂದ. ನಾನು ಮುದುಕನಿಗೆ ಹೂಂ ಅಂದೆ.

ಸಂಜೆಗೆ ಅವರ ಲಾರಿಯಲ್ಲೇ ಕುಷ್ಟಗಿ ಸೇರಿದೆ. ಜಿನ್ನಿನ ಕೆಲಸ ಮುಗಿಸಿ ಮನೆಗೆ ಬಂದವನು, ಇಷ್ಟು ವರ್ಷ ಬೆನ್ನು ಹತ್ತಿದ ಮಾತು ಕೊನೆಗೂ ಸಿಕ್ಕಿತೆಂದು ಹೆಂಡತಿಗೆ ಎಲ್ಲವನ್ನೂ ವಿವರವಾಗಿ ಹೇಳಿದೆ. ಅವಳು ರೊಟ್ಟಿ ಬಡಿಯುತ್ತ ಕೊನೆಯ ತನಕ ಕೇಳಿದಳು.

"ಮೊದಲ ಎಮ್ಮಿಗೆ ಅಂದಾನಲ್ರಿ," ಎಂದಳು. "ನಿಮಗ ಬಂದದ್ದು ಅದರ ಎಂಜಲಾ."