ಮೂರನೆಯ ಬಾಹು ನನ್ನ ತೋಟದಲ್ಲಿ

ಪಾಠ ತಲೆಗೆ ಹತ್ತದ ಮಕ್ಕಳ ಬಗ್ಗೆ ಮೇಷ್ಟ್ರುಗಳು ಗೋಳಾಡುವುದನ್ನು ನೀವು ಕೇಳಿರುತ್ತೀರಿ. ಹತ್ತಿದ ಮಕ್ಕಳಿಂದ ಆಗುವ ಅನ್ಯಾಯವನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಹೇಳುತ್ತೇನೆ. ನನಗೆ ಹೊಟ್ಟೆ ಉರಿದಿದೆ.

ತುರುವೇಕೆರೆ ಕಡೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ನಾನು ಲೆಕ್ಕದ ಮೇಷ್ಟ್ರು. ಬಸ್‌ಸ್ಟಾಪಿನಿಂದ ಹೊರಟ ರಸ್ತೆ ನೆಟ್ಟಗೆ ಹೋಗಿ, ಅರಳಿಕಟ್ಟೆಯ ಹತ್ತಿರ ಬಲಕ್ಕೆ ತಿರುಗಿ ಸ್ಕೂಲು ಸೇರುತ್ತದೆ. ಆ ತಿರುವಿನ ಒಳಮೂಲೆಯಲ್ಲಿ ನನ್ನದೊಂದು ಪುಟ್ಟ ತೋಟ. ಹೊಸದಾಗಿ ತೆಂಗಿನ ಸಸಿ ನೆಟ್ಟು, ನಡುವೆ ಹುರುಳಿ ಚೆಲ್ಲಿದ್ದೆ.

ಆಗ ಒಂಬತ್ತನೇ ಕ್ಲಾಸಿಗೆ ತ್ರಿಭುಜದ ಪಾಠ ನಡೆಯುತ್ತಿತ್ತು. ಮೂರು ಕೋನ ಕೂಡಿದರೆ ನೂರೆಂಬತ್ತು ಡಿಗ್ರಿ ಎಂದು ಗಂಟಲು ಹರಿದುಕೊಂಡ ಮೇಲೂ, "ದೊಡ್ಡ ತ್ರಿಭುಜಕ್ಕೆ ಜಾಸ್ತಿ ಆಗಲ್ವಾ ಸಾ?" ಎಂದು ಕೇಳಿದ ಕ್ಲಾಸು ಅದು. ಯಾವ ಎರಡು ಬಾಹು ಕೂಡಿದರೂ ಮೂರನೆಯದಕ್ಕಿಂತ ಹೆಚ್ಚು ಎಂಬುದಾದರೂ ತಿಳಿಯಲಿ ಎಂದು ಬೋರ್ಡಿನ ಮೇಲೆ ಬಸ್‌ಸ್ಟಾಪು, ಅರಳಿಕಟ್ಟೆ, ಸ್ಕೂಲು ಬರೆದು ತೋರಿಸಿದೆ. ಬರೆಯಬಾರದಿತ್ತು.

ವಾರದೊಳಗೆ ನನ್ನ ಹುರುಳಿಯ ನಡುವೆ ಬೈತಲೆ ತೆಗೆದ ಹಾಗೆ ಕಾಲುದಾರಿ ಬಿತ್ತು. ಕಾದು ನಿಂತು, ಅದೇ ಕ್ಲಾಸಿನ ಪುಟ್ಟತಾಯಿಯನ್ನು ಹಿಡಿದೆ.

"ರಸ್ತೆ ಇಲ್ವೇನೇ?"

"ನೀವೇ ಹೇಳಿದ್ರಲ್ಲ ಸಾ, ಎರಡು ಬಾಹು ಸೇರಿದ್ರೆ ಉದ್ದ ಅಂತ!"

ಅವಳ ಹಿಂದೆಯೇ ಪಕ್ಕದ ತೋಟದ ಸಿದ್ದಪ್ಪನವರು ಕೊಬ್ಬರಿ ಮೂಟೆ ಹೇರಿದ ಸೈಕಲ್ಲು ತಳ್ಳಿಕೊಂಡು ಬಂದರು. "ಒಳ್ಳೇ ದಾರಿ ಹೇಳ್ಕೊಟ್ರಿ ಕಣ್ರೀ ಮೇಷ್ಟ್ರೇ," ಎಂದು ಸಸಿಯೊಂದರ ಮೇಲೆ ಚಕ್ರ ಹತ್ತಿಸಿ ಮುಂದೆ ಹೋದರು.

ಮನೆಗೆ ಬಂದು ಕೂಗಾಡಿದೆ. ಹೆಂಡತಿ ರಾಗಿಹಿಟ್ಟು ಜರಡಿ ಹಿಡಿಯುತ್ತಲೇ, "ನೀವು ಹೇಳಿದ್ದು ಒಂದಾದ್ರೂ ಅವ್ರ ತಲೇಗೆ ಹೋಯ್ತಲ್ಲ, ಸಂತೋಷ ಪಡಿ," ಎಂದಳು. ಆ ಸಿಟ್ಟಿಗೆ, ಭಾನುವಾರ ಪೂರ್ತಿ ನಿಂತು ತೋಟದ ಸುತ್ತ ಜಾಲಿಮುಳ್ಳಿನ ಬೇಲಿ ಬಿಗಿದೆ.

ಸೋಮವಾರ ಬಸ್‌ಸ್ಟಾಪಿನ ಹತ್ತಿರ ಬರುವಷ್ಟರಲ್ಲಿ ಸ್ಕೂಲಿನ ಗಂಟೆ ಕೇಳಿಸಿತು. ಸುತ್ತಿ ಹೋದರೆ ಪ್ರಾರ್ಥನೆ ಮುಗಿದೇ ಹೋಗುತ್ತದೆ. ತೋಟ ನನ್ನದು, ಹಕ್ಕು ನನ್ನದು ಎಂದುಕೊಂಡು ಬೇಲಿಯೊಳಗೆ ಒಂದು ಕಾಲಿಟ್ಟೆ. ಪಂಚೆ ಮುಳ್ಳಿಗೆ ಸಿಕ್ಕಿಕೊಂಡಿತು. ಹಿಂದಕ್ಕೂ ಬರಲಾರೆ, ಮುಂದಕ್ಕೂ ಹೋಗಲಾರೆ.

ದಂಡಿನಶಿವರದ ಬಸ್ಸಿಳಿದು ಬರುತ್ತಿದ್ದ ಅಜ್ಜಿಯೊಬ್ಬರು ಬುಟ್ಟಿ ಕೆಳಗಿಟ್ಟು, ಒಂದೊಂದೇ ಮುಳ್ಳು ಬಿಡಿಸತೊಡಗಿದರು.

"ಚೆನ್ನಾಗಿತ್ತು ದಾರಿ. ಯಾವನೋ ತಿಳಿಗೇಡಿ ಬೇಲಿ ಬಡ್ದವ್ನೆ ಕಣಪ್ಪ."

"ಹೌದು ಕಣಜ್ಜಿ," ಎಂದೆ. "ಅಂಥೋರಿಗೆ ಹೇಳೋರಿಲ್ಲ, ಕೇಳೋರಿಲ್ಲ."