ಹಿತ್ತಲಿನ ಸಫಾರಿ

ತಾಳ್ಮೆಯಿಲ್ಲದವನು ಕಾಡುಪ್ರಾಣಿಗಳ ಫೋಟೋ ತೆಗೆಯಲು ಹೋಗಬಾರದು ಎನ್ನುತ್ತಾರೆ. ನನಗೆ ತಾಳ್ಮೆ ಧಾರಾಳವಾಗಿದೆ, ಇಲ್ಲದಿರುವುದು ಫೋಟೋಗಳು. ಮರದ ಮೇಲೆ ಹಕ್ಕಿ ಇದ್ದಾಗ ನನ್ನ ಲೆನ್ಸಿನ ಮುಚ್ಚಳ ತೆಗೆದಿರುವುದಿಲ್ಲ, ಮುಚ್ಚಳ ತೆಗೆದಾಗ ಹಕ್ಕಿ ಇರುವುದಿಲ್ಲ. ಎರಡೂ ಕೂಡಿಬಂದ ಅಪೂರ್ವ ಗಳಿಗೆಯಲ್ಲಿ ಬ್ಯಾಟರಿ ಪ್ರಾಣ ಬಿಟ್ಟಿರುತ್ತದೆ. ಇಂಥ ನಾನು ಕೀನ್ಯಾದ ಅಭಯಾರಣ್ಯವೊಂದರಲ್ಲಿ ಇಡೀ ಒಂದು ತಿಂಗಳು ಡೇರೆ ಹಾಕಿಕೊಂಡು ಸಿಂಹಗಳ ಫೋಟೋ ತೆಗೆಯಲು ಹೊರಟಿದ್ದೆ. ಡೇರೆ ಕೊಂಡೆ, ಒನಕೆಯಂಥ ಲೆನ್ಸ್ ಕೊಂಡೆ, ಸಿಂಹದ ಕಣ್ಣಿಗೆ ಬೀಳದ ಬಣ್ಣವೆಂದು ಅಂಗಡಿಯವ ಆಣೆ ಮಾಡಿದ ಟೋಪಿಯನ್ನೂ ಕೊಂಡೆ. ಅಷ್ಟರಲ್ಲಿ ಕೊರೊನಾ ಬಂತು. ವಿಮಾನಗಳು ನಿಂತವು. ಸಿಂಹಗಳು ಬಚಾವಾದವು.

ನಾವಿರುವುದು ಮಲೇಷ್ಯಾದ ನಿಲಾಯ್‌ನಲ್ಲಿ. ಮೈಸೂರಿನವನಾದ ನಾನು ದಿನಾ ಪುತ್ರಜಯಾದ ಕಡೆಗೆ ಕಾರು ಓಡಿಸಿಕೊಂಡು ಹೋಗಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದವನು. ಲಾಕ್‌ಡೌನ್ ಆದಮೇಲೆ ಊಟದ ಮೇಜೇ ಆಫೀಸಾಯಿತು. ಹೆಂಡತಿ ವತ್ಸಲಾ ಉಡುಪಿಯವಳು, ಡಾಕ್ಟರು. ಅವಳಿಗೆ ಮನೆಯಲ್ಲಿ ಕೂರುವ ಭಾಗ್ಯವಿರಲಿಲ್ಲ, ಕೊರೊನಾ ವಾರ್ಡಿಗೇ ಹಾಕಿದ್ದರು. ಮಗಳು ದಿಯಾ ಇಲ್ಲೇ ಬೆಳೆದವಳು, ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ತಿರುಗಿಸಿ ಕೊಡುವವಳು. ಆ ವಾರ್ಡೇ ಕೊನೆಗೊಮ್ಮೆ ವತ್ಸಲಾಳನ್ನೂ ಹಿಡಿಯಿತು. ಮಹಡಿಯ ಕೋಣೆ ಸೇರಿ ಬಾಗಿಲು ಹಾಕಿಕೊಂಡವಳು, ತನ್ನ ಜೊತೆಗಿದ್ದ ನಾನೂ ಮಗಳ ಹತ್ತಿರ ಸುಳಿಯಕೂಡದೆಂದು ಒಳಗಿನಿಂದಲೇ ಅಪ್ಪಣೆ ಹೊರಡಿಸಿದಳು. ಹಾಗಾದರೆ ನಾನೆಲ್ಲಿರಲಿ ಎಂದೆ.

"ಡೇರೆ ಉಂಟಲ್ಲ," ಎಂದಳು.

ಹೀಗೆ ನನ್ನ ದೀರ್ಘ ಶಿಬಿರವಾಸ ಹಿತ್ತಲಿನಲ್ಲಿ ಶುರುವಾಯಿತು. ಊಟದ ಹೊತ್ತಿಗೆ ದಿಯಾ ಅಮ್ಮನ ಬಾಗಿಲಲ್ಲೊಂದು ತಟ್ಟೆ, ನನ್ನ ಡೇರೆಯ ಬಾಗಿಲಲ್ಲೊಂದು ತಟ್ಟೆ ಇಟ್ಟು ಓಡುತ್ತಿದ್ದಳು. ನನ್ನ ತಟ್ಟೆ ಖಾಲಿಯಾಗುತ್ತಿತ್ತು, ಮಹಡಿಯದು ಹಾಗೇ ವಾಪಸಾಗುತ್ತಿತ್ತು. ವತ್ಸಲಾಗೆ ಜ್ವರ ಇಳಿಯಲೊಲ್ಲದು, ಮಾತಾಡಹೋದರೆ ಕೆಮ್ಮು. ಕಿಟಕಿಗೆ ಬಂದು ಒಂದು ಕೈ ಎತ್ತಿ ಹೋಗುವಳು. ಆ ಕೈ ಏಳುವುದು ದಿನೇದಿನೇ ತಡವಾಗುತ್ತಿತ್ತು. ಹೆದರಿಕೆಯಾದಾಗ ಜನ ದೇವರ ನಾಮ ಹೇಳುತ್ತಾರೆ. ನಾನು ಲೆನ್ಸಿಗೆ ಕಣ್ಣಿಟ್ಟು ಕೂತೆ. ಬೇಲಿಯಾಚೆ ತಾಳೆ ತೋಟ, ನಡುವೆ ಒಂದು ಚರಂಡಿ, ಚರಂಡಿಯಲ್ಲಿ ಆಳುದ್ದದ ಒಂದು ಉಡ. ಅದರ ಒಂದು ಒಳ್ಳೆಯ ಫೋಟೋ ತೆಗೆದು ವತ್ಸಲಾಗೆ ಕಳಿಸಿಯೇ ತೀರುವುದೆಂದು ಹಟ ತೊಟ್ಟೆ. ಮೊದಲ ಫೋಟೋ ಸೊಗಸಾಗಿ ಬಂತು. ದಿಯಾ ಅದನ್ನು ಫೋನಿನಲ್ಲಿ ಹಿಗ್ಗಿಸಿ ನೋಡಿ, "ಅಪ್ಪಾ, ದಟ್ಸ್ ಎ ಟಯರ್ ಲಾ," ಎಂದು ಉತ್ತರ ಕಳಿಸಿದಳು.

ಒಂದು ಬೆಳಿಗ್ಗೆ ನಿಜವಾದ ಉಡವೇ ತಲೆಯೆತ್ತಿತು. ಡೇರೆಗೆ ಬೆನ್ನು ಹಾಕಿ, ಟೋಪಿ ಅಡ್ಡಬರುತ್ತದೆಂದು ಬಿಚ್ಚಿಟ್ಟು, ಮೋಟು ಸ್ಟೂಲಿನ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದೆ. ಮಾಮಕ್ ಹೋಟೆಲಿನಿಂದ ತಪಾವ್, ಅಂದರೆ ಇಲ್ಲಿಯವರ ಬಾಯಲ್ಲಿ ಪಾರ್ಸೆಲ್, ಮಾಡಿಸಿ ತರಿಸಿದ ರೊಟ್ಟಿ, ಸಾರಿನ ಪೊಟ್ಟಣವನ್ನು ದಿಯಾ ಆಗಲೇ ಇಟ್ಟು ಹೋಗಿದ್ದಳು. ಹಿಂದಿನಿಂದ ಪರಪರ ಸದ್ದಾಯಿತು. ಮತ್ತೆ ಬಂದಳೇನೋ ಎಂದುಕೊಂಡು, ತಿರುಗದೆಯೇ, ಸದ್ದು ಮಾಡಬೇಡ, ಹತ್ತಿರ ನಿಲ್ಲಬೇಡ ಎಂದು ಮೆಲ್ಲಗೆ ಗದರಿದೆ. ಸದ್ದು ತಟಕ್ಕನೆ ನಿಂತಿತು. ಕನ್ನಡದಲ್ಲಿ ಹೇಳಿದ್ದನ್ನು ಮಗಳು ಎದುರು ಮಾತಿಲ್ಲದೆ ಕೇಳಿದಳಲ್ಲ ಎಂದು ಎದೆಯುಬ್ಬಿತು. ಆಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಉಡ ಚರಂಡಿಗೆ ಜಾರಿತು. ಫೋನಿನಲ್ಲಿ ವತ್ಸಲಾ.

"ಒಮ್ಮೆ ಹಿಂದೆ ತಿರುಗಿ ನೋಡಿ ಮಾರಾಯ್ರೆ."

ಗಾಳಿಗೆಂದು ಎರಡೂ ಕಡೆ ತೆರೆದಿಟ್ಟಿದ್ದ ಡೇರೆಯೊಳಗೆ ಮಂಗಗಳ ಒಂದು ಸಂಸಾರವೇ ಕೂತಿತ್ತು. ಹಿರಿಯದು ರೊಟ್ಟಿಯನ್ನು ಸಾರಿನಲ್ಲಿ ಅದ್ದಿ ಅದ್ದಿ ತಿನ್ನುತ್ತಿತ್ತು. ಇನ್ನೊಂದು ನನ್ನ ಟೋಪಿ ಹಾಕಿಕೊಂಡಿತ್ತು. ಅದಕ್ಕೇ ಚೆನ್ನಾಗಿ ಒಪ್ಪುತ್ತಿತ್ತು. ಮರಿಯೊಂದು ನನ್ನ ಹೊದಿಕೆಯೊಳಗಿಂದ ಮುಖ ಹೊರಹಾಕಿ, ನೀನ್ಯಾರು ಎಂಬಂತೆ ನೋಡಿತು. ಮೇಲಿನಿಂದ ನಗು ಕೇಳಿಸಿತು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲೇ ಇಲ್ಲ. ನಾನು ಸ್ಟೂಲು ಉರುಳಿಸಿ, ಕ್ಯಾಮೆರಾ ಹಿಡಿದುಕೊಂಡೇ ಕಿಟಕಿಯ ಕೆಳಕ್ಕೆ ಓಡಿದೆ. ಅವಳು ತಡೆಯಿರಿ ಎಂಬಂತೆ ಕೈ ಅಡ್ಡ ಹಿಡಿದು, ಸುಧಾರಿಸಿಕೊಂಡು, ಮತ್ತೆ ನಕ್ಕಳು.

"ನಂಗೆ ಹಸಿವಾಗ್ತಾ ಉಂಟು," ಎಂದಳು. "ಅವು ತಿಂತಾ ಇರೋದನ್ನೇ ತರಿಸಿ."

ನಾನು ಕ್ಯಾಮೆರಾ ಒರೆಸುತ್ತ ನಿಂತೆ. ಕ್ಯಾಮೆರಾ ಒದ್ದೆಯಾಗಿರಲಿಲ್ಲ.

ಅವಳು ಗುಣವಾದಳು. ನನಗೆ ಫೋನು ಮಾಡುವ ಮೊದಲು ತಣ್ಣಗೆ ಒಂದು ಫೋಟೋವನ್ನೂ ತೆಗೆದಿದ್ದಳೆಂದು ಆಮೇಲೆ ತಿಳಿಯಿತು. ಮುಂದೆ ಬೆನ್ನು ತೋರಿಸಿಕೊಂಡು ಘನಗಂಭೀರನಾಗಿ ನಾನು, ಮುಖ ಕಾಣುವುದಿಲ್ಲ, ಬೋಳು ನೆತ್ತಿ ಬಿಸಿಲಿಗೆ ಹೊಳೆಯುತ್ತಿದೆ, ಹಿಂದೆ ಪಂಕ್ತಿಭೋಜನ. ಅದೀಗ ಅವಳ ವಾರ್ಡಿನ ಸಿಬ್ಬಂದಿ ಕೋಣೆಯ ಗೋಡೆಯಲ್ಲಿದೆ. ಅವಳು ಕೆಲಸಕ್ಕೆ ಮರಳಿದ ದಿನ ಕರೆತರಲು ಹೋದವನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಎಲ್ಲರೂ ಮಾಸ್ಕ್ ಹಾಕಿದ್ದ ಕಾಲ. ಪಕ್ಕದ ಮನೆಯವರೇ ಪಕ್ಕದ ಮನೆಯವರನ್ನು ಗುರುತಿಸುತ್ತಿರಲಿಲ್ಲ. ಹಿಂದಿನಿಂದ ಬಂದ ಅಪರಿಚಿತ ನರ್ಸೊಬ್ಬಳು ನಿಂತು, ನೀವು ಡಾಕ್ಟರ್ ವತ್ಸಲಾ ಅವರ ಗಂಡ ಅಲ್ಲವೇ ಎಂದು ವಿನಯದಿಂದ ಕೇಳಿದಳು. ಹಿಂದೆ ಇನ್ನಿಬ್ಬರು ಬಂದು ನಿಂತದ್ದೂ ತಿಳಿಯಿತು. ತಿರುಗಿ, ಮಾಸ್ಕ್ ಇಳಿಸಿ ಮುಖ ತೋರಿಸೋಣ ಎಂದುಕೊಂಡೆ. ಬೇಡವೆನಿಸಿತು. ಪಾಪ, ಅವರಿಗೆ ನಿರಾಸೆಯಾಗುತ್ತಿತ್ತು.